ಹನ್ನೊಂದನೇ ಸೀನ್

ನನ್ನ ಹತ್ತಿರ ಒಂದು ಹಳೇ ರಟ್ಟಿನ ಫೈಲ್ ಇದೆ. ಅದರೊಳಗೆ ಒಂದೇ ಸೀನಿನ ಒಂಬತ್ತು ಪ್ರತಿಗಳಿವೆ. ಮೊದಲನೆಯದು ಲಾಂಗ್ ಸೈಜ್ ಹಾಳೆಯ ಮೇಲೆ ನೀಲಿ ಇಂಕಿನಲ್ಲಿ ಬರೆದದ್ದು, 2006ರದು. ಕೊನೆಯದು 2022ರ ಪ್ರಿಂಟ್‌ಔಟ್, ಅದರ ಮೂಲೆಯಲ್ಲಿ ಶೂಟಿಂಗ್ ದಿನ ಚೆಲ್ಲಿದ ಟೀ ಕಲೆ ಇದೆ. ಒಂಬತ್ತರಲ್ಲೂ ನಡೆಯುವುದು ಒಂದೇ. ಒಬ್ಬ ಗಂಡಸು ಎರಡು ಟಿಕೆಟ್ ಹಿಡಿದುಕೊಂಡು ಥಿಯೇಟರ್ ಮುಂದೆ ಕಾಯುತ್ತಾನೆ. ಬರಬೇಕಾದವಳು ಬರುವುದಿಲ್ಲ. ಬೆಲ್ ಹೊಡೆಯುತ್ತದೆ. ಅವನು ಒಂದು ಟಿಕೆಟ್ ಮಾರಿ ಒಳಗೆ ಹೋಗುತ್ತಾನೆ. ಅಷ್ಟೇ. ಡೈಲಾಗ್ ಲೆಕ್ಕ ಹಾಕಿದರೆ ಆರು ಸಾಲು.

ಮೊದಲ ಪ್ರತಿಯಲ್ಲಿ ಅದು ಹನ್ನೊಂದನೇ ಸೀನ್ ಆಗಿತ್ತು. ಆಮೇಲೆ ಹದಿನಾಲ್ಕಾಯಿತು, ಏಳಾಯಿತು, ಒಂದು ಸಲ ಪೂರ್ತಿ ಹಾರಿಹೋಯಿತು, ಮತ್ತೆ ವಾಪಸ್ ಬಂತು. ನಂಬರ್ ಏನೇ ಆಗಲಿ, ಮನೆಯಲ್ಲಿ, ಗೆಳೆಯರ ನಡುವೆ ಅದಕ್ಕೆ ಹನ್ನೊಂದನೇ ಸೀನ್ ಅಂತಲೇ ಹೆಸರು. ನೀನು ಸಿನಿಮಾಗೆ ಬಂದಿದ್ದು ಹೇಗೆ ಅಂತ ಯಾರಾದರೂ ಕೇಳಿದರೆ ಈ ಫೈಲ್ ಕೊಟ್ಟುಬಿಡಬೇಕು ಅನ್ನಿಸುತ್ತದೆ. ಪ್ರತಿ ಸೀನಿನ ತಲೆಯ ಮೇಲೆ ಲೊಕೇಷನ್ ಬರೆದಿರುತ್ತೇವಲ್ಲ, ಆ ಒಂದು ಸಾಲನ್ನು ಒಂಬತ್ತು ಪ್ರತಿಯಲ್ಲೂ ಓದಿಕೊಂಡು ಹೋದರೆ ಬೆಂಗಳೂರು ಏನೇನಾಯಿತು ಅಂತಲೂ ತಿಳಿಯುತ್ತದೆ.

ಸೀನ್ ನನ್ನದಲ್ಲ. ಅಪ್ಪನದು.

ನಾವು ಶ್ರೀರಾಂಪುರದವರು. ಅಪ್ಪ ಮಿನರ್ವ ಮಿಲ್‌ನಲ್ಲಿ ಸ್ಪಿನ್ನಿಂಗ್ ಖಾತೆಯಲ್ಲಿದ್ದರು. (ಮಿನರ್ವ ಸರ್ಕಲ್‌ಗೂ ಈ ಮಿಲ್ಲಿಗೂ ಸಂಬಂಧ ಇಲ್ಲ. ಆ ಸರ್ಕಲ್‌ಗೆ ಹೆಸರು ಬಂದಿದ್ದು ಅಲ್ಲಿದ್ದ ಥಿಯೇಟರಿನಿಂದ. ಥಿಯೇಟರ್ ಹೋಗಿ ಎಷ್ಟೋ ಕಾಲವಾಯಿತು, ಹೆಸರು ಮಾತ್ರ ಅಲ್ಲೇ ಕೂತಿದೆ.) ಲಾ ಓದಿದವರಿಗೆ ಮಿನರ್ವ ಮಿಲ್ ಅಂದರೆ 1980ರ ಸುಪ್ರೀಂ ಕೋರ್ಟ್ ತೀರ್ಪು, ಸಂವಿಧಾನದ ಮೂಲ ಸ್ವರೂಪ, ಅದೂ ಇದೂ. ನಮಗೆ ಅದು ಅಪ್ಪನ ಹುಬ್ಬಿಗೆ, ಬನಿಯನ್ನಿಗೆ ಅಂಟಿಕೊಂಡು ಬರುತ್ತಿದ್ದ ಹತ್ತಿ. 1974ರಲ್ಲಿ ಮಿಲ್ಲು ಸರ್ಕಾರದ್ದಾಯಿತು. ಅಪ್ಪ ಆಗಲೇ ಎರಡು ವರ್ಷದಿಂದ ಅಲ್ಲಿದ್ದರು. ಹೆಣ್ಣು ನೋಡಲು ಬಂದಾಗ ‘ಹುಡುಗ ಗೌರ್ಮೆಂಟ್ ನೌಕರಿ’ ಅಂತ ಹೇಳಿಸಿದ್ದರು ಅಂತ ಅಮ್ಮ ಈಗಲೂ ನಗುತ್ತಾಳೆ.

ಅಪ್ಪ ಸಿನಿಮಾ ನೋಡಿ ಬಂದರೆ ಮಾರನೇ ದಿನ ಸಂಜೆ ವಠಾರದ ನಲ್ಲಿ ಹತ್ತಿರ ಕಥೆ ಹೇಳುತ್ತಿದ್ದರು. ಸುಮ್ನೆ ಕಥೆ ಅಲ್ಲ. ಫೈಟಿನ ಸದ್ದು, ಹೀರೋಯಿನ್ ಅಳು, ಪೊಲೀಸ್ ಜೀಪ್ ಬ್ರೇಕ್ ಹಾಕುವುದು, ಎಲ್ಲ ಬಾಯಲ್ಲೇ. ಸರಿಯಾಗಿ ಇಂಟರ್‌ವಲ್‌ಗೆ ನಿಲ್ಲಿಸಿ ಬೀಡಿ ಹಚ್ಚುತ್ತಿದ್ದರು. ನೀರು ಹಿಡಿಯಲು ಬಂದ ಹೆಂಗಸರು ಕೊಡ ತುಂಬಿ ಹರಿಯುತ್ತಿದ್ದರೂ ಅಲ್ಲೇ ನಿಂತಿರುತ್ತಿದ್ದರು. ಮುಂದೆ ನಾನು ಪ್ರೊಡ್ಯೂಸರ್‌ಗಳ ಮುಂದೆ ಕೂತು ಕಥೆ ಹೇಳುವಾಗ ಇಂಟರ್‌ವಲ್ ಬಂದ ಕೂಡಲೇ ನಿಲ್ಲಿಸಿ ನೀರು ಕುಡಿಯುತ್ತಿದ್ದೆ. ಬೀಡಿ ಹಚ್ಚುವ ಧೈರ್ಯ ಇರಲಿಲ್ಲ.

ಅಪ್ಪ ಹೇಳಿದ ಕಥೆಗಳಲ್ಲಿ ಸಿನಿಮಾದ್ದಲ್ಲದ್ದು ಒಂದೇ. 1977. ಮದುವೆಯಾಗಿ ಎರಡು ತಿಂಗಳು. ಅಮ್ಮನನ್ನು ಮೊದಲ ಸಲ ಸಿನಿಮಾಗೆ ಕರೆದಿದ್ದಾರೆ. ಅಪ್ಪ ಫಸ್ಟ್ ಶಿಫ್ಟ್ ಮುಗಿಸಿಕೊಂಡು ಮಿಲ್ಲಿನಿಂದ ನೇರವಾಗಿ ಹೋಗುವುದು, ಅಮ್ಮ ಮನೆಯಿಂದ ಬಸ್ಸಿನಲ್ಲಿ ಬರುವುದು ಅಂತ ಮಾತು. ಕಪಾಲಿ ಥಿಯೇಟರ್ ಶುರುವಾಗಿದ್ದು 1968ರಲ್ಲಿ, ಅಂದರೆ ಆಗಿನ್ನೂ ಹೊಸ ಹೊಳಪು. ಅಷ್ಟು ದೊಡ್ಡ ಪರದೆ ಎಲ್ಲೂ ಇರಲಿಲ್ಲ ಅಂತ ಅಪ್ಪ ಎರಡೂ ಕೈ ಚಾಚಿ ತೋರಿಸುತ್ತಿದ್ದರು. ಕೈ ಸಾಲದೆ ಗೋಡೆ ತೋರಿಸುತ್ತಿದ್ದರು. ಎರಡು ಬಾಲ್ಕನಿ ಟಿಕೆಟ್ ತಗೊಂಡು ನಿಂತರು. ಅಮ್ಮ ಬರಲಿಲ್ಲ. ಬೆಲ್ ಆಯಿತು. ಒಂದು ಟಿಕೆಟ್ ಮಾರಿದರು. “ಬ್ಲಾಕಲ್ಲಿ ಅಲ್ಲ, ಎಷ್ಟಿತ್ತೋ ಅಷ್ಟಕ್ಕೇ” ಅನ್ನುವುದನ್ನು ಪ್ರತಿ ಸಲವೂ ಒತ್ತಿ ಹೇಳುತ್ತಿದ್ದರು. ಅಮ್ಮ ಕೂರಬೇಕಾದ ಸೀಟಿನಲ್ಲಿ ಯಾರೋ ಗೊತ್ತಿಲ್ಲದ ಮನುಷ್ಯ ಕೂತು ಗೊರಕೆ ಹೊಡೆದ. ಸಂಜೆ ಮನೆಗೆ ಬಂದರೆ ಅಮ್ಮ ಒಲೆ ಮುಂದೆ. ಎರಡು ದಿನ ಮಾತಿಲ್ಲ.

ಯಾಕೆ ಬರಲಿಲ್ಲ? ಅದನ್ನು ಅಪ್ಪ ಹೇಳುತ್ತಿರಲಿಲ್ಲ. ಕಥೆ ಗೊರಕೆಗೆ ಬಂದು ನಿಲ್ಲುತ್ತಿತ್ತು, ಎಲ್ಲರೂ ನಗುತ್ತಿದ್ದರು. ಅಮ್ಮ ಅಷ್ಟರಲ್ಲಿ ಎದ್ದು ಒಳಗೆ ಹೋಗಿರುತ್ತಿದ್ದಳು. ನಾನೂ ಕೇಳಲಿಲ್ಲ.

ಬಿ.ಕಾಂ ಮುಗಿಸಿ ಅವೆನ್ಯೂ ರೋಡಿನ ಒಂದು ಆಡಿಟರ್ ಆಫೀಸಿನಲ್ಲಿ ಎರಡು ವರ್ಷ ಲೆಡ್ಜರ್ ಬರೆದೆ. 2004ರಲ್ಲಿ ನಮ್ಮ ಬೀದಿಯ ಲೈಟ್‌ಮ್ಯಾನ್ ಒಬ್ಬರು ಒಬ್ಬ ಡೈರೆಕ್ಟರ್ ಹತ್ತಿರ ಕರೆದುಕೊಂಡು ಹೋದರು. “ಹುಡುಗನ ಅಕ್ಷರ ಗುಂಡಗಿದೆ ಸಾರ್” ಅನ್ನುವುದೇ ಶಿಫಾರಸು. ಅದೇ ಕೆಲಸಕ್ಕೆ ಬಂತು. ಗಾಂಧಿನಗರದ ಲಾಡ್ಜಿನಲ್ಲಿ ಮೂರು ತಿಂಗಳಿಗೆ ರೂಮ್ ಹಾಕಿದ್ದರು. ಒಂದು ಮಂಚ, ನಾಲ್ಕು ಪ್ಲಾಸ್ಟಿಕ್ ಕುರ್ಚಿ, ಕಿಟಕಿ ತೆಗೆದರೆ ಪಕ್ಕದ ಲಾಡ್ಜಿನ ಕಿಟಕಿ. ಅಲ್ಲಿ ಡಿಸ್ಕಷನ್. ಡೈರೆಕ್ಟರ್ ಸಾರ್ ಮಂಚದ ಮೇಲೆ ಮಲಗಿಕೊಂಡು ಮಾತಾಡುವುದು, ಅಸೋಸಿಯೇಟ್ ಅದಕ್ಕೆ ಸೇರಿಸುವುದು, ನಾನು ಟೀ ತರುವುದು ಮತ್ತು ಬರೆಯುವುದು. ಹಾಳೆಯ ಮಧ್ಯಕ್ಕೆ ಉದ್ದ ಗೆರೆ. ಎಡಗಡೆ ಕಣ್ಣಿಗೆ ಕಾಣುವುದು, ಬಲಗಡೆ ಕಿವಿಗೆ ಕೇಳುವುದು. ದಿನಾ ರಾತ್ರಿ ಅದನ್ನು ಫೇರ್ ಕಾಪಿ ಮಾಡಬೇಕು, ಕಾರ್ಬನ್ ಇಟ್ಟು ಮೂರು ಪ್ರತಿ. ಬೆರಳಿನ ಗಂಟು ಊದಿಕೊಳ್ಳುತ್ತಿತ್ತು.

ಸ್ಕ್ರಿಪ್ಟ್ ಬರೆಯುವುದು ಕಲಿತದ್ದು ಎಲ್ಲಿ ಅಂದರೆ ಅಲ್ಲೇ. ಬೇರೆಯವರ ಮಾತನ್ನು ಮೂರು ಸಲ ಬರೆದರೆ ಎಲ್ಲಿ ಸುಳ್ಳಿದೆ ಅಂತ ಕೈಗೇ ಗೊತ್ತಾಗುತ್ತದೆ. ಬಲಗಡೆ ತುಂಬಿ ತುಳುಕಿ ಎಡಗಡೆ ಬರೀ ‘ರಮೇಶ ಕೂತಿದ್ದಾನೆ’ ಅಂತಿದ್ದರೆ ಆ ಸೀನ್ ಥಿಯೇಟರಿನಲ್ಲಿ ಮಲಗುತ್ತದೆ. ಎಡಗಡೆ ಬರೆಯಲು ಏನೂ ಇಲ್ಲದಿದ್ದರೆ ಬಲಗಡೆಯ ಮಾತೂ ಬೇಡ. ಇದನ್ನು ಯಾರೂ ಬಾಯಿಬಿಟ್ಟು ಹೇಳಿಕೊಡಲಿಲ್ಲ. ಹೇಳಿಕೊಡುವಷ್ಟು ಪುರುಸೊತ್ತು ಯಾರಿಗೂ ಇರಲಿಲ್ಲ.

ಸೆಟ್ಟಿಗೆ ಹೋದಮೇಲೆ ಇನ್ನೊಂದು ಪಾಠ. ಆಗ ಫಿಲ್ಮ್ ಕಾಲ. ಸಾವಿರ ಅಡಿ ರೋಲ್ ಅಂದರೆ ಹನ್ನೊಂದು ನಿಮಿಷ, ಅಂದರೆ ಸೆಕೆಂಡಿಗೆ ಒಂದೂವರೆ ಅಡಿ. ನಾನು ಕ್ಲಾಪ್ ಹೊಡೆದು, ಟೇಕ್ ಕೆಟ್ಟರೆ ಶೀಟಿನಲ್ಲಿ ‘ಎನ್‌ಜಿ’, ಅಂದರೆ ನೋ ಗುಡ್, ಅಂತ ಬರೆದುಕೊಳ್ಳಬೇಕು. ಪ್ರೊಡಕ್ಷನ್ ಮ್ಯಾನೇಜರ್ ನನ್ನ ಪೆನ್ನನ್ನೇ ನೋಡುತ್ತಾ ನಿಂತಿರುತ್ತಿದ್ದ, ಕೆಡಿಸಿದವನು ನಾನೇ ಅನ್ನುವ ಹಾಗೆ. ಡೈಲಾಗಿನಲ್ಲಿ ಒಂದು ‘ಅಂದರೆ’, ಒಂದು ‘ಆದರೆ’ ಜಾಸ್ತಿ ಇದ್ದರೂ ಅದು ಅಡಿ ಲೆಕ್ಕದಲ್ಲಿ ಕಾಣುತ್ತಿತ್ತು. ಇವತ್ತಿಗೂ ಉದ್ದ ಡೈಲಾಗ್ ಬರೆದರೆ ಆ ಮನುಷ್ಯ ಹಿಂದೆ ನಿಂತಿದ್ದಾನೇನೋ ಅನ್ನಿಸುತ್ತದೆ.

2007ರಲ್ಲಿ ಒಂದು ಸಿನಿಮಾದ ಕ್ಲೈಮ್ಯಾಕ್ಸ್ ಫೈಟ್ ಮಿನರ್ವ ಮಿಲ್‌ನಲ್ಲಿ. ಅಷ್ಟು ಹೊತ್ತಿಗೆ ಮಿಲ್ಲು ನಿಂತುಹೋಗಿತ್ತು, ಅಪ್ಪ ವಿಆರ್‌ಎಸ್ ತಗೊಂಡು ಮನೆಯಲ್ಲಿದ್ದರು. ನಿಂತುಹೋದ ಮಿಲ್ಲಿನಷ್ಟು ಒಳ್ಳೇ ವಿಲನ್ ಅಡ್ಡೆ ಆರ್ಟ್ ಡೈರೆಕ್ಟರ್‌ಗೆ ಕಟ್ಟಿದರೂ ಸಿಗಲ್ಲ. ಎತ್ತರದ ಮಾಡು, ತುಕ್ಕು ಕಂಬ, ಒಡೆದ ಗಾಜಿನಿಂದ ಬೀಳುವ ಬಿಸಿಲು. ಕನ್ನಡ ಸಿನಿಮಾದಲ್ಲಿ ಅಲ್ಲಿ ಎಷ್ಟು ಜನ ಒದೆ ತಿಂದಿದ್ದಾರೋ ಲೆಕ್ಕ ಇಲ್ಲ. ಮನೆಯಲ್ಲಿ ಹೇಳಿದೆ. ಅಪ್ಪ ಕೇಳಿದ್ದು ಹೀರೋ ಯಾರು ಅಂತ ಅಲ್ಲ, “ಯಾವ ಶೆಡ್ಡು?” ಅಂತ.

ಮಾರನೇ ದಿನ ಸೈಕಲ್ ತಗೊಂಡು ಬಂದೇಬಿಟ್ಟರು. ಮುಖ್ಯ ಗೇಟಿನಲ್ಲಿ ಸೆಕ್ಯುರಿಟಿಯವನು ತಡೆದನಂತೆ, “ನಾನು ಇಲ್ಲಿ ಮೂವತ್ತು ವರ್ಷ ಇದ್ದೆ” ಅಂದರಂತೆ, ಅವನು “ಯಾವ ಯೂನಿಟ್ಟು?” ಅಂದನಂತೆ. ಒಳಗೆ ಹೊಗೆ ಮೆಷಿನ್ ಹಾಕಿದ್ದರು. ಶಾಟ್ ಮಧ್ಯೆ ಬಿಡುವಾದಾಗ ನೋಡಿದರೆ ಅಪ್ಪ ನೆಲ ನೋಡಿಕೊಂಡು ನಿಧಾನಕ್ಕೆ ಹೆಜ್ಜೆ ಎಣಿಸುತ್ತಿದ್ದಾರೆ. ಒಂದು ಕಡೆ ನಿಂತರು. ನೆಲದಲ್ಲಿ ನಾಲ್ಕು ತೂತು, ಎಣ್ಣೆ ಕುಡಿದು ಕಪ್ಪಾದ ಸಿಮೆಂಟು. ನೂಲು ತೆಗೆಯುವ ಮೆಷಿನ್ನು, ರಿಂಗ್ ಫ್ರೇಮಿನ ಬೋಲ್ಟ್ ಕೂತಿದ್ದ ಜಾಗ. “ಇದು ನಂದು” ಅಂದರು. ಆಮೇಲೆ ಹೊಗೆ ಕಡೆ ನೋಡಿ, “ಹಿಂಗಿರಲಿಲ್ಲ ಕಣೋ. ಹೊಗೆ ಅಲ್ಲ, ಹತ್ತಿ ಹಾರ್ತಿತ್ತು” ಅಂತ ಆರ್ಟ್ ಡೈರೆಕ್ಟರ್‌ಗೂ ಕೇಳಿಸುವ ಹಾಗೆ ಅಂದರು. ಆ ಸಂಜೆ ಅದೇ ನಾಲ್ಕು ತೂತಿನ ಮೇಲೆ ಫೈಟ್ ಮಾಸ್ಟರ್ ಒಬ್ಬ ಹುಡುಗನನ್ನು ಹನ್ನೆರಡು ಅಡಿ ಎತ್ತರದಿಂದ ಬೀಳಿಸಿದರು. ಅಪ್ಪ ಚಪ್ಪಾಳೆ ಹೊಡೆದರು.

ಅಷ್ಟರಲ್ಲಿ ನಾನು ನನ್ನದೇ ಸ್ಕ್ರಿಪ್ಟ್ ಮುಗಿಸಿ ಪ್ರೊಡ್ಯೂಸರ್ ಹುಡುಕಲು ಶುರುಮಾಡಿದ್ದೆ. ಪ್ರೊಡ್ಯೂಸರ್‌ಗಳೂ ಬದಲಾಗುತ್ತಿದ್ದರು. ಮೊದಲು ಸಿನಿಮಾಗೆ ದುಡ್ಡು ಹಾಕುತ್ತಿದ್ದವರು ಹಂಚಿಕೆದಾರರು, ಫೈನಾನ್ಸ್‌ನವರು. ಈಗ ಸೈಟ್ ಮಾಡುವವರು ಬಂದರು. 2001ರ ಜನಗಣತಿಯಲ್ಲಿ ಬೆಂಗಳೂರು ಜಿಲ್ಲೆಯಲ್ಲಿ 65 ಲಕ್ಷ ಜನ, 2011ಕ್ಕೆ 96 ಲಕ್ಷ. ಹತ್ತು ವರ್ಷದಲ್ಲಿ ಬಂದು ಸೇರಿದ ಈ ಮೂವತ್ತು ಲಕ್ಷ ಜನ ಎಲ್ಲೋ ಇರಬೇಕಲ್ಲ, ಅವರಿಗೆ 30 ಬೈ 40 ಮಾರಿದವರ ಕೈಯಲ್ಲಿ ದುಡ್ಡು ಓಡಾಡುತ್ತಿತ್ತು, ಅದರಲ್ಲಿ ಸ್ವಲ್ಪ ನಮ್ಮ ಕಡೆಗೂ ಹರಿಯಿತು. ನಾನು ಕಥೆ ಹೇಳಿರುವ ಜಾಗಗಳನ್ನು ನೆನೆಸಿಕೊಂಡರೆ ನಗು ಬರುತ್ತದೆ. ಹೊಸ ಲೇಔಟಿನ ಬಣ್ಣದ ಬಾವುಟಗಳ ಕೆಳಗೆ. ಸಬ್ ರಿಜಿಸ್ಟ್ರಾರ್ ಆಫೀಸಿನ ಮುಂದೆ ಕಾರಲ್ಲಿ, ಪ್ರೊಡ್ಯೂಸರ್ ಟೋಕನ್ ಕರೆಯುವುದನ್ನು ಕಾಯುತ್ತಾ.

ಎಲ್ಲರೂ ಹನ್ನೊಂದನೇ ಸೀನ್ ತನಕ ಚೆನ್ನಾಗಿ ಕೇಳುತ್ತಿದ್ದರು. ಆಮೇಲೆ ಒಂದೇ ಪ್ರಶ್ನೆ. “ಹೀರೋಯಿನ್ ಯಾಕೆ ಬರಲ್ಲ?”

ನನ್ನ ಹತ್ತಿರ ಉತ್ತರ ಇರಲಿಲ್ಲ. ಅದಕ್ಕೇ ಪ್ರತಿ ಡ್ರಾಫ್ಟಿಗೂ ಒಂದೊಂದು ಕಾರಣ ಹುಟ್ಟಿಸಿದೆ. ಎರಡನೇ ಪ್ರತಿಯಲ್ಲಿ ಮಳೆ. ‘ಮುಂಗಾರು ಮಳೆ’ 2006ರ ಡಿಸೆಂಬರ್ ಕೊನೆಯಲ್ಲಿ ಬಂದು, ಮಲ್ಟಿಪ್ಲೆಕ್ಸಿನಲ್ಲೇ ವರ್ಷದ ಮೇಲೆ ಓಡಿತ್ತು. ಮಾಲಿಗೆ ಬರುವವರು ಕನ್ನಡ ಸಿನಿಮಾ ನೋಡುತ್ತಾರೆ ಅಂತ ಗಾಂಧಿನಗರಕ್ಕೆ, ಅಂದರೆ ನಮ್ಮ ಸಿನಿಮಾ ಮಂದಿಗೆ, ಆಗ ಗೊತ್ತಾಯಿತು, ಆದರೆ ಕಲಿತದ್ದು ಅದಲ್ಲ, ಮಳೆ ಇರಬೇಕು ಅನ್ನುವುದು. ಮೂರನೇ ಪ್ರತಿಯಲ್ಲಿ ಅತ್ತೆ ತಡೆಯುತ್ತಾಳೆ. ನಾಲ್ಕರಲ್ಲಿ ಬಂದ್. ಐದರಲ್ಲಿ ಅವಳಿಗೆ ಹಳೇ ಲವರ್ ಇದ್ದಾನೆ. (ಅಮ್ಮ, ಕ್ಷಮಿಸು.)

2009ರಲ್ಲಿ ಒಬ್ಬರು ಸಿಕ್ಕರು, ಅವರಿಗೆ ಕಪಾಲಿ ಬೇಡ. “ಮಾಸ್ ಆಯ್ತು, ಸ್ವಲ್ಪ ಕ್ಲಾಸಾಗಿ ಬೇಕು, ಎಂ.ಜಿ. ರೋಡ್ ಕಡೆ ಹಾಕಿ, ಪ್ಲಾಜಾ ಹಾಕಿ” ಅಂದರು. 1936ರ ಥಿಯೇಟರ್ ಅದು. ಅವರಿಗೂ ನೆನಪಿರಲಿಲ್ಲ, ನನಗೂ ತಕ್ಷಣ ಹೊಳೆಯಲಿಲ್ಲ, ಪ್ಲಾಜಾ ಆಗಲೇ ಇರಲಿಲ್ಲ. ಅದೇ ಜಾಗದಲ್ಲಿ ಎಂ.ಜಿ. ರೋಡ್ ಮೆಟ್ರೋ ಸ್ಟೇಷನ್ ಏಳುತ್ತಿತ್ತು. ಸ್ಕ್ರಿಪ್ಟನ್ನು ಆ ಸಲ ‘ನುಡಿ’ ಅನ್ನುವ ಕನ್ನಡ ಸಾಫ್ಟ್‌ವೇರಿನಲ್ಲಿ ಟೈಪ್ ಮಾಡಿ ಮೇಲ್ ಮಾಡಿದ್ದೆ. ಅವರ ಲ್ಯಾಪ್‌ಟಾಪ್‌ನಲ್ಲಿ ನುಡಿ ಇರಲಿಲ್ಲ. ನೂರಾ ಹತ್ತು ಪುಟ ಪೂರ್ತಿ ಬ್ರಾಕೆಟ್, ಡಾಲರ್ ಗುರುತು, ಕೊಂಬು ಮುರಿದ ಇಂಗ್ಲಿಷ್ ಅಕ್ಷರ. ಅವರು ಫೋನ್ ಮಾಡಿ, “ಸಾರ್, ಕಥೆ ಸ್ವಲ್ಪ ಅರ್ಥ ಆಗ್ಲಿಲ್ಲ” ಅಂದರು. ನನಗೆ ಅಪಾರ ದುಃಖವಾಯಿತು. ಎಂಟು ದಿನ ಕಳೆದ ಮೇಲೆ ಅಲ್ವಾ ನಿಜ ಸಂಗತಿ ಗೊತ್ತಾಗಿದ್ದು!

ಆಮೇಲೆ ಆರು ವರ್ಷ ಸೀರಿಯಲ್. ಇದನ್ನು ಜಾಸ್ತಿ ಎಳೆಯಲ್ಲ, ಸೀರಿಯಲ್‌ನಲ್ಲಿ ಎಳೆದಿದ್ದೇ ಸಾಕು. ದಿನಕ್ಕೆ ಒಂದು ಎಪಿಸೋಡ್, 22 ನಿಮಿಷ, ಬೆಳಿಗ್ಗೆ ಎಂಟಕ್ಕೆ ಸೆಟ್ಟಿಗೆ ಸೀನ್ ತಲುಪಬೇಕು. ಮದುವೆಯಾಗಿತ್ತು, ಮಗಳು ಹುಟ್ಟಿದ್ದಳು, ತಿಂಗಳ ಕೊನೆಗೆ ಚೆಕ್ ಬರುವುದು ಒಳ್ಳೇದೇ ಅನ್ನಿಸುತ್ತಿತ್ತು. ಒಂದು ವಿಚಿತ್ರ ಮಾತ್ರ ಹೇಳಬೇಕು. ಸಾವಿರಾರು ಸೀನ್ ಬರೆದೆ, ಒಂದರಲ್ಲೂ ಊರು ಇಲ್ಲ. ಎಲ್ಲ ಒಳಗೆ. ಹಾಲ್, ಅಡುಗೆಮನೆ, ಮೆಟ್ಟಿಲು, ದೇವರ ಕೋಣೆ. ಹೊರಗೆ ಅಂತ ಬರೆದರೆ ಪರ್ಮಿಷನ್, ಜನ, ಟ್ರಾಫಿಕ್, ಹಾರ್ನ್, ಅರ್ಧ ದಿನ ಹಾಳು. ಹಾಗಾಗಿ ಯಾರಾದರೂ ಹೊರಗೆ ಹೋದರೆ ವಾಪಸ್ ಬಂದು ಹಾಲಿನಲ್ಲಿ ನಿಂತು ಏನಾಯಿತು ಅಂತ ಹೇಳುತ್ತಾರೆ. ನಾನು ಕಿಟಕಿ ಹಾಕಿಕೊಂಡು ಒಳಗೆ ಕೂತು ಬರೆಯುತ್ತಿದ್ದ ಆ ವರ್ಷಗಳಲ್ಲೇ ಹೊರಗೆ ಎಲ್ಲ ಆಗಿಹೋಯಿತು. 2014ರ ಮಾರ್ಚ್‌ನಲ್ಲಿ ನಮ್ಮ ಶ್ರೀರಾಂಪುರಕ್ಕೆ ಮೆಟ್ರೋ ಬಂತು. ರೈಲು ಈಗ ನಮ್ಮ ತಾರಸಿಯ ಎತ್ತರಕ್ಕೆ ಓಡುತ್ತದೆ, ಅಮ್ಮ ಬಟ್ಟೆ ಒಣಗಿಸುವುದನ್ನು ಊರೆಲ್ಲ ನೋಡಿಕೊಂಡು ಹೋಗುತ್ತದೆ. ಅದೇ ವರ್ಷ ನವೆಂಬರ್ 1ಕ್ಕೆ ಇಂಗ್ಲಿಷಿನಲ್ಲೂ ಬೆಂಗಳೂರು ಬೆಂಗಳೂರಾಯಿತು. ಮಾರನೇ ವರ್ಷ ಅಪ್ಪ ಹೋದರು.

ಈ ನಡುವೆ 2013ರಲ್ಲಿ ಪವನ್ ಕುಮಾರ್ ಜನರಿಂದಲೇ ದುಡ್ಡು ಸೇರಿಸಿ ‘ಲೂಸಿಯಾ’ ಮಾಡಿದ್ದರು. ಅದಾದ ಮೇಲೆ ನನ್ನ ವಯಸ್ಸಿನ ರೈಟರ್‌ಗಳೆಲ್ಲ ಒಂದು ವರ್ಷ ಅದೇ ಮಾತಾಡಿದೆವು. ಬನಶಂಕರಿಯ ಸುಚಿತ್ರಾ ಫಿಲ್ಮ್ ಸೊಸೈಟಿಯಲ್ಲಿ ಸಿನಿಮಾ ಮುಗಿದ ಮೇಲೆ ಗೇಟಿನ ಹೊರಗೆ ಟೀ ಕುಡಿಯುತ್ತಾ ಲೆಕ್ಕ ಹಾಕುವುದು, ನಿನಗೆ ಎಷ್ಟು ಜನ ಗೊತ್ತು, ನನಗೆ ಎಷ್ಟು ಜನ ಗೊತ್ತು ಅಂತ. ಫಿಲ್ಮ್ ರೋಲ್ ಹೋಗಿತ್ತು, ಸ್ಟಿಲ್ ಕ್ಯಾಮೆರಾದಲ್ಲೇ ಹುಡುಗರು ಶಾರ್ಟ್ ಫಿಲ್ಮ್ ಮಾಡುತ್ತಿದ್ದರು. ಸೆಕೆಂಡಿಗೆ ಒಂದೂವರೆ ಅಡಿಯ ಭಯ ಅವರಿಗಿಲ್ಲ. ಹೊಟ್ಟೆಕಿಚ್ಚಾಯಿತು. ಸೀರಿಯಲ್ ಬಿಟ್ಟೆ. ಹೆಂಡತಿ ಒಂದೇ ಮಾತು ಅಂದಳು, “ಎರಡು ವರ್ಷ. ಅಷ್ಟರಲ್ಲಿ ಆಗ್ಲಿಲ್ಲ ಅಂದ್ರೆ ವಾಪಸ್ ಹಾಲ್, ಅಡುಗೆಮನೆ.”

ಎರಡಲ್ಲ, ಆರಾಯಿತು. ಆ ಕಥೆ ಬೇರೆ.

2017ರ ಅಕ್ಟೋಬರ್‌ನಲ್ಲಿ ಕಪಾಲಿ ಮುಚ್ಚಿತು. ಕೊನೇ ಆಟಕ್ಕೆ ನಾನು ಹೋಗಲಿಲ್ಲ, ಹೋದವರು ಫೋಟೊ ಹಾಕಿದ್ದರು. ನಾನು ಹೋಗಿದ್ದು ತಿಂಗಳುಗಳು ಕಳೆದ ಮೇಲೆ, ಸುಬೇದಾರ್ ಛತ್ರಂ ರಸ್ತೆಯಲ್ಲಿ ಬೇರೆ ಏನೋ ಕೆಲಸಕ್ಕೆ. ಸುತ್ತ ತಗಡಿನ ಶೀಟು. ಒಂದು ಶೀಟಿನ ಬೆಸುಗೆ ಬಿಟ್ಟಿತ್ತು, ಅದರಲ್ಲಿ ಕಣ್ಣಿಟ್ಟು ನೋಡಿದೆ. ಆಕಾಶ ಕಂಡಿತು. ಅಷ್ಟು ದೊಡ್ಡ ಆಕಾಶ ಗಾಂಧಿನಗರದಲ್ಲಿ ನಾನು ಯಾವತ್ತೂ ನೋಡಿರಲಿಲ್ಲ. ಅಪ್ಪ ಕೈ ಚಾಚಿ ತೋರಿಸುತ್ತಿದ್ದದ್ದು ಸುಳ್ಳಲ್ಲ.

ಹಾಗಾಗಿ ಏಳನೇ ಪ್ರತಿಯಲ್ಲಿ ಲೊಕೇಷನ್ ಬ್ರಿಗೇಡ್ ರೋಡಿನ ರೆಕ್ಸ್. 2018ರ ಡಿಸೆಂಬರ್ ಕೊನೆಗೆ ಅದೂ ಮುಚ್ಚಿತು. ನನ್ನ ಕ್ಯಾಮೆರಾಮನ್ ಗೆಳೆಯ ಹೇಳಿದ, “ಗುರು, ಕೈ ಮುಗೀತೀನಿ, ನಮ್ಮ ಏರಿಯಾ ಥಿಯೇಟರ್ ಹೆಸರು ಮಾತ್ರ ಬರೀಬೇಡ.”

ತಮಾಷೆ ಅಂದರೆ ಥಿಯೇಟರ್ ಹೋದರೂ ಹೆಸರು ಹೋಗುವುದಿಲ್ಲ. ಮೆಜೆಸ್ಟಿಕ್ ಥಿಯೇಟರ್ ಈಗ ಎಲ್ಲಿದೆ? ಇಲ್ಲ. ಆದರೂ ಇಡೀ ಕರ್ನಾಟಕ ಬಂದು ಇಳಿಯುವುದು ಮೆಜೆಸ್ಟಿಕ್ಕಿಗೇ. ಅದು ಬಸ್ ಸ್ಟ್ಯಾಂಡ್ ಆಗುವ ಮೊದಲು ಧರ್ಮಾಂಬುಧಿ ಕೆರೆ. ಆ ಹೆಸರು ಯಾವ ಕಂಡಕ್ಟರೂ ಕೂಗುವುದಿಲ್ಲ. ಕೆರೆಗಿಲ್ಲದ ಆಯುಸ್ಸು ಟಾಕೀಸಿನ ಹೆಸರಿಗೆ. ಜಯನಗರದಲ್ಲಿ ಈಗಲೂ ನಂದಾ ಟಾಕೀಸ್ ಅಂದರೆ ಆಟೋದವರು ಬರುತ್ತಾರೆ, ಅಲ್ಲಿ ಟಾಕೀಸ್ ಇಲ್ಲ ಅಂತ ಯಾರೂ ತಕರಾರು ಮಾಡುವುದಿಲ್ಲ.

ಎಂಟನೇ ಪ್ರತಿಯಲ್ಲಿ ಧೈರ್ಯ ಮಾಡಿ ಕಥೆಯನ್ನು ಇವತ್ತಿಗೇ ತಂದೆ. ಹೊರಗೆ, ಮೆಜೆಸ್ಟಿಕ್ ಮೆಟ್ರೋ ಸ್ಟೇಷನ್, ಸಂಜೆ. ಬರೆದು ಮುಗಿಸಿ ಓದಿದರೆ ಸೀನ್ ಸತ್ತಿತ್ತು. ಯಾಕೆ ಅಂತ ಮೂರು ದಿನ ತಲೆ ಕೆಡಿಸಿಕೊಂಡೆ. ಕಾರಣ ಮಗಳು ಹೇಳಿದಳು. “ಅವ್ನು ಫೋನ್ ಮಾಡ್ಬಹುದಲ್ವಾ ಪಪ್ಪಾ?” ನಿಜ. ಈಗ ಯಾರೂ ಕಾಯುವುದಿಲ್ಲ. ಎಲ್ಲಿದ್ದೀಯ, ಬಂದೆ, ಐದು ನಿಮಿಷ, ಲೊಕೇಷನ್ ಕಳಿಸು. ಟಿಕೆಟ್ಟೂ ಫೋನಿನಲ್ಲೇ ಇದೆ, ಕೈಯಲ್ಲಿ ಹಿಡಿದು ಮುದ್ದೆ ಮಾಡುವುದಕ್ಕೆ ಕಾಗದ ಇಲ್ಲ. ಮಾರುವುದು ಯಾರಿಗೆ, ಹೇಗೆ? ಮೂರೂವರೆ ಇಂಚಿನ ಗುಲಾಬಿ ಕಾಗದ ಇಲ್ಲದಿದ್ದರೆ ಈ ಕಥೆಯೇ ಇಲ್ಲ.

ಅಂದರೆ 1977ಕ್ಕೇ ಹೋಗಬೇಕು. ಹೋಗೋಣ ಅಂದರೆ ಕಪಾಲಿಯನ್ನು ಕಂಪ್ಯೂಟರಿನಲ್ಲಿ ಕಟ್ಟಬೇಕು. ಒಬ್ಬರು ಕೊಟೇಷನ್ ಕೊಟ್ಟರು. ಆ ದುಡ್ಡಿನಲ್ಲಿ ನಮ್ಮ ಸಿನಿಮಾದ ಅರ್ಧ ಶೂಟಿಂಗ್ ಮುಗಿಯುತ್ತಿತ್ತು.

ಆಗ ಲಾಡ್ಜ್ ರೂಮಿನ ಆ ಗೆರೆ ಎಳೆದ ಹಾಳೆ ನೆನಪಾಯಿತು. ಎಡಗಡೆ, ಬಲಗಡೆ. ಥಿಯೇಟರನ್ನು ಎಡದಿಂದ ತೆಗೆದು ಬಲಕ್ಕೆ ಹಾಕಿದೆ. ಅಂದರೆ ತೋರಿಸುವುದು ಬೇಡ, ಕೇಳಿಸಿದರೆ ಸಾಕು. ಒಂಬತ್ತನೇ ಪ್ರತಿಯಲ್ಲಿ ಬರೀ ಒಂದು ಗೋಡೆ ಇದೆ. ಅದಕ್ಕೆ ಒರಗಿ ನಿಂತ ಅವನು. ಅವನ ಮುಂದೆ ಹಾದುಹೋಗುವ ಭುಜಗಳು, ಬುಟ್ಟಿ, ಸೈಕಲ್ಲು. ಗೇಟ್ ತೆಗೆಯುವ ಸದ್ದು, ಕ್ಯೂ ಮುರಿದ ಗಲಾಟೆ, ಕಡಲೆಕಾಯಿಯವನ ಕೂಗು, “ಬಾಲ್ಕನಿ, ಬಾಲ್ಕನಿ” ಅಂತ ತುಟಿ ಅಲ್ಲಾಡಿಸದೆ ಪಿಸುಗುಟ್ಟುವ ಬ್ಲಾಕ್ ಟಿಕೆಟ್‌ನವನು. ಆಮೇಲೆ ಬೆಲ್. ಗಾಂಧಿನಗರದ ಒಂದು ಹಳೇ ಲಾಡ್ಜಿನ ಪಕ್ಕದ ಗಲ್ಲಿಯಲ್ಲಿ ಒಂದು ಭಾನುವಾರ ಬೆಳಿಗ್ಗೆ ಆರರಿಂದ ಒಂಬತ್ತರ ಒಳಗೆ ಮುಗಿಸಿದೆವು. ಟಿಕೆಟ್ಟಿಗೆ ನಮ್ಮ ಆರ್ಟ್ ಹುಡುಗ ಎಲ್ಲೋ ಹುಡುಕಿ ತೆಳ್ಳಗಿನ ಗುಲಾಬಿ ಕಾಗದ ತಂದಿದ್ದ, ತಾರೀಖಿನ ಸೀಲ್ ಸ್ವಲ್ಪ ಓರೆಯಾಗಿ ಒತ್ತಿದ್ದ. ಕೈ ಬೆವರಿಗೆ ಬಣ್ಣ ಬಿಟ್ಟು ನಟನ ಬೆರಳು ಗುಲಾಬಿಯಾಯಿತು. ಅದನ್ನು ಬರೆದಿರಲಿಲ್ಲ, ಹಾಗೇ ಇಟ್ಟುಕೊಂಡೆವು. ಇಡೀ ಸಿನಿಮಾದಲ್ಲಿ ನನಗೆ ತೃಪ್ತಿ ಕೊಟ್ಟ ಶಾಟ್ ಅದೊಂದೇ ಇರಬಹುದು.

ಅವಳು ಬರದೇ ಇರುವುದಕ್ಕೆ ಕೊನೆಗೂ ಕೊಟ್ಟ ಕಾರಣ ಬಸ್ಸು ಕೆಟ್ಟದ್ದು. ಒಪ್ಪಬಹುದಾದ ಕಾರಣ. ಇಪ್ಪತ್ತು ಸೆಕೆಂಡಿನಲ್ಲಿ ಮುಗಿಯುತ್ತದೆ, ಖರ್ಚೂ ಕಡಿಮೆ.

ಇಪ್ಪತ್ತಾರು ದಿನಕ್ಕೆ ಶೂಟಿಂಗ್ ಮುಗಿಸಿ ಕುಂಬಳಕಾಯಿ ಒಡೆದೆವು. 2023ರಲ್ಲಿ ರಿಲೀಸ್. ವರ್ಷಕ್ಕೆ ಇನ್ನೂರಕ್ಕೂ ಹೆಚ್ಚು ಕನ್ನಡ ಸಿನಿಮಾ ಬರುವಾಗ ನಮಗೆ ಸಿಕ್ಕಿದ್ದು ಬೆರಳೆಣಿಕೆ ಸ್ಕ್ರೀನು, ಅದೂ ಬೆಳಿಗ್ಗೆ ಹತ್ತರ ಆಟ. ಮಂಗಳವಾರದ ಬೆಳಿಗ್ಗೆ ಹತ್ತು ಗಂಟೆಗೆ ಬೆಂಗಳೂರಲ್ಲಿ ಸಿನಿಮಾ ನೋಡುವವರು ಯಾರು ಅಂತ ನನಗೀಗ ಚೆನ್ನಾಗಿ ಗೊತ್ತು. ಮುಂದಿನ ಶುಕ್ರವಾರಕ್ಕೆ ಎತ್ತಿದರು. ಹಾಕಿದ ದುಡ್ಡಿನಲ್ಲಿ ಸುಮಾರು ಅರ್ಧ ಇನ್ನೂ ಬರಬೇಕು. ಬರುತ್ತದೆ ಅಂತ ಗೆಳೆಯರಿಗೆ ಹೇಳಿದ್ದೇನೆ, ಅವರೂ ನಂಬಿದ ಹಾಗೆ ಮಾಡುತ್ತಾರೆ.

ಅಮ್ಮನನ್ನು ಮಂತ್ರಿ ಮಾಲ್‌ಗೆ ಕರೆದುಕೊಂಡು ಹೋಗಿದ್ದೆ, ಭಾನುವಾರ. ಆ ಮಾಲ್ ಇರುವುದು ರಾಜಾ ಮಿಲ್ ಜಾಗದಲ್ಲಿ. ಅಪ್ಪ ಇದ್ದಿದ್ದರೆ ಸಿನಿಮಾಕ್ಕಿಂತ ಮೊದಲು ಅದನ್ನೇ ಹೇಳುತ್ತಿದ್ದರು. ಅಮ್ಮ ಎಸ್ಕಲೇಟರ್ ಹತ್ತಲ್ಲ, ಲಿಫ್ಟಿನಲ್ಲೇ ಬಂದಳು. ಸಿನಿಮಾ ಪೂರ್ತಿ ಅಲ್ಲಾಡದೆ ನೋಡಿದಳು. ಹನ್ನೊಂದನೇ ಸೀನಿನಲ್ಲಿ ನಾನು ಪರದೆ ನೋಡಲಿಲ್ಲ, ಅವಳ ಮುಖ ನೋಡುತ್ತಿದ್ದೆ. ಏನೂ ಗೊತ್ತಾಗಲಿಲ್ಲ. ವಾಪಸ್ ಮೆಟ್ರೋದಲ್ಲಿ. ಶ್ರೀರಾಂಪುರಕ್ಕೆ ಒಂದೇ ಸ್ಟಾಪು, ಆದರೂ ಅಮ್ಮನಿಗೆ ಮೆಟ್ರೋನೇ ಆಗಬೇಕು. ಪ್ಲಾಟ್‌ಫಾರ್ಮಿನಲ್ಲಿ ಕೂತಾಗ ತಡೆಯಲಾರದೆ ಕೇಳಿದೆ, ಹೇಗಿತ್ತು ಅಂತ.

“ಚೆನ್ನಾಗಿದೆ ಕಣೋ. ನಿಮ್ಮಪ್ಪನ ಥರಾನೇ ನಿಂತ್ಕೊಂಡಿದ್ದ ಆ ಹುಡುಗ.” ಸ್ವಲ್ಪ ಹೊತ್ತು ಸುಮ್ಮನಿದ್ದಳು. “ಬಸ್ಸು ಕೆಟ್ಟಿದ್ದು ಮಾತ್ರ ಸುಳ್ಳು.”

“ಮತ್ತೆ ಯಾಕಮ್ಮ ಬರ್ಲಿಲ್ಲ ನೀನು?”

“ಯಾರು ಹೇಳಿದ್ದು ಬರ್ಲಿಲ್ಲ ಅಂತ? ನಿಮ್ಮಪ್ಪನಿಗಿಂತ ಮುಂಚೆನೇ ಬಂದಿದ್ದೆ. ಸಾಗರ್ ಹತ್ರ ಇಳಿದು ನಿಂತಿರು ಅಂದಿದ್ರು. ನಿಂತಿದ್ದೆ. ಮ್ಯಾಟಿನಿ ಬಿಡೋವರೆಗೂ ನಿಂತಿದ್ದೆ, ಸಾಗರ್ ಥಿಯೇಟರ್ ಮುಂದೆ.”

ಕಪಾಲಿಯಿಂದ ಸಾಗರ್‌ಗೆ ನಡೆದರೆ ಐದೇ ನಿಮಿಷ.

“ಅಪ್ಪನಿಗೆ ಗೊತ್ತಿತ್ತಾ?”

“ಮೂರನೇ ದಿನ ಹೇಳ್ದೆ. ಒಪ್ಪಬೇಕಲ್ಲ! ಇಳಿದು ಕಪಾಲಿಗೆ ಬಾ ಅಂತಲೇ ಹೇಳಿದ್ದೆ ಅಂತ ಸಾಯೋವರೆಗೂ ವಾದ ಮಾಡಿದ್ರು.”

ಹದಿನಾರು ವರ್ಷ, ಒಂಬತ್ತು ಪ್ರತಿ. ಪಕ್ಕದ ರೂಮಿನಲ್ಲೇ ಇದ್ದಳು. ನನಗೆ ಏನು ಹೇಳಬೇಕೋ ತೋಚಲಿಲ್ಲ. ರೈಲು ಬಂತು, ಹತ್ತಿದೆವು. ಯಾರೋ ಎದ್ದು ಅಮ್ಮನಿಗೆ ಸೀಟು ಕೊಟ್ಟರು.

“ಸಾಗರ್ ಈಗಿಲ್ಲಮ್ಮ, ಗೊತ್ತಾ?” ಅಂದೆ. “ಬಟ್ಟೆ ಅಂಗಡಿ ಆಗಿದೆ.”

“ಗೊತ್ತು” ಅಂತ ಅಮ್ಮ ಸೆರಗು ಹಿಡಿದು ತೋರಿಸಿದಳು. “ಇದು ಅಲ್ಲೇ ತಗೊಂಡಿದ್ದು.”